ರಾತ್ರಿ ಎರಡಕ್ಕೆ ತಾನೇ ಲಾಕ್ ಆಗುತ್ತಿದ್ದ ಕಾರು, ಶಿವಮೊಗ್ಗದ ಮೀಟರ್ ಅಂಗಡಿ

ರಾತ್ರಿ ಎರಡು ಗಂಟೆಗೆ ಅಂಗಳದಿಂದ ‘ಟಕ್’ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ‘ಟಕ್’. ಅಮ್ಮ ನನ್ನನ್ನು ಎಬ್ಬಿಸಿ, “ಯಾರೋ ಕಾರಿನ ಬಾಗಿಲು ತೆಗೀತಿದಾರೆ ಕಣೋ” ಅಂದಳು. ಟಾರ್ಚ್ ಹಿಡಿದು ಹೋದರೆ ಯಾರೂ ಇಲ್ಲ. ಕಾರು ತಾನೇ ಲಾಕ್ ಆಗಿ, ತಾನೇ ಬಿಚ್ಚಿಕೊಳ್ಳುತ್ತಿತ್ತು. ನಾನು ನೋಡ್ತಾ ನಿಂತಿದ್ದ ಹಾಗೇ ವೈಪರ್ ಒಂದು ಸಲ ಎದ್ದು ಮಲಗಿತು. ಕೀಲಿ ಒಳಗೆ, ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ನಮ್ಮೂರು ಸಾಗರ. ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ಯಾಕೆಂದರೆ ತಪ್ಪು ಕಂಪನಿಯದಲ್ಲ. ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸಿದವನು ನಾನು. ಪುನರ್ವಸು ಮಳೆ ಹಿಡಿದ ವಾರ ಇದೆಲ್ಲ ಶುರುವಾಯಿತು. ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಹತ್ತುತ್ತಿತ್ತು.

ಮೊದಲು ಹೋಗಿದ್ದು ಒಂದು ಸರ್ವೀಸ್ ಸೆಂಟರ್‌ಗೆ. ಬ್ಯಾಟರಿ ಹೋಗಿದೆ ಅಂದರು. 4,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಎರಡು ದಿನಕ್ಕೆ ಅದೂ ಮಲಗಿತು. ಎರಡನೇ ಸಲ ಹೋದಾಗ, “ಬಿಸಿಎಂ ಹೋಗಿದೆ ಸಾರ್, ಹೊಸದೇ ಹಾಕ್ಬೇಕು” ಅಂತ 31,400 ರೂಪಾಯಿಯ ಎಸ್ಟಿಮೇಟ್ ಕೈಗಿಟ್ಟರು. ಬಿಸಿಎಂ ಅಂದರೆ ದೀಪ, ವೈಪರ್, ಬಾಗಿಲ ಲಾಕ್ ಎಲ್ಲ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿ. ಅದು ಬರೋಕೆ ಮೂರು ವಾರ. ಯಾಕೆ ಹೋಯಿತು ಅಂತ ಕೇಳಿದರೆ, “ಎಲೆಕ್ಟ್ರಾನಿಕ್ಸ್ ಅಲ್ವಾ ಸಾರ್” ಅನ್ನೋದೇ ಉತ್ತರ. ಬೇಜಾರಾಗಿದ್ದು ದುಡ್ಡಿಗಿಂತ ಜಾಸ್ತಿ ಈ ಉತ್ತರಕ್ಕೆ. ಕಾರಣ ಹಾಗೇ ಇದ್ದರೆ ಹೊಸ ಡಬ್ಬಿಯೂ ಮುಂದಿನ ಮಳೆಗೆ ಹೋಗಲ್ವಾ?

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಶಿವಮೊಗ್ಗದ ಈ ಅಂಗಡಿಗೆ ಕಳಿಸಿದರು. ಆಟೋ ಕಾಂಪ್ಲೆಕ್ಸ್ ಒಳಗೆ ಒಂದೇ ಷಟರ್. ಬೋರ್ಡಿನಲ್ಲಿ ಹೆಸರಿಲ್ಲ, ‘ಇಸಿಎಂ, ಬಿಸಿಎಂ, ಮೀಟರ್ ರಿಪೇರಿ’ ಅಂತ ಬಿಸಿಲಿಗೆ ಮಾಸಿದ ಫ್ಲೆಕ್ಸ್ ಅಷ್ಟೇ (ಇಸಿಎಂ ಅಂದರೆ ಎಂಜಿನ್ ನೋಡಿಕೊಳ್ಳುವ ಡಬ್ಬಿ). ಬರೀತೀನಿ ಅಂದಾಗ ಅಂಗಡಿಯವರು, “ನನ್ನ ಹೆಸರು ಹಾಕ್ಬೇಡಿ ಸಾರ್, ಇರೋ ಕೆಲ್ಸಾನೇ ಮುಗೀತಿಲ್ಲ” ಅಂದರು. ಹಾಗಾಗಿ ಹೆಸರಿಲ್ಲ. ಅಲ್ಲಿ ಹೋಗಿ ‘ಮೀಟರ್ ಅಂಗಡಿ’ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ.

ಅವರು ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ. ಡ್ರೈವರ್ ಕಾಲಿಡುವ ಜಾಗದಲ್ಲಿ ಮ್ಯಾಟ್ ಎತ್ತಿ, ಕಾರ್ಪೆಟ್ ಅಡಿ ಕೈ ಹಾಕಿ ಹಿಂಡಿದರು. ನೀರು ಸೋರಿತು. ಆಮೇಲೆ ಬಾನೆಟ್ ತೆಗೆದು, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರು. ಒಳಗೆ ಕೊಳೆತ ಹಲಸಿನ ಎಲೆ ಎರಡು ಹಿಡಿ. ಮಳೆ ನೀರು ಹೋಗಬೇಕಾದ ತೂತು ಪೂರ್ತಿ ಕಟ್ಟಿಕೊಂಡಿತ್ತು. ನೀರು ಅಲ್ಲೇ ನಿಂತು, ವೈರುಗಳು ಒಳಗೆ ಹೋಗುವ ರಬ್ಬರ್ ಬುಷ್ ಸಂದಿಯಿಂದ ಇಳಿದು, ವೈರಿನ ಗುಂಟವೇ ಹರಿದು, ಸ್ಟೀರಿಂಗ್ ಅಡಿ ಇರುವ ಡಬ್ಬಿಗೆ ತೊಟ್ಟಿಕ್ಕಿದೆ. ಸರ್ವೀಸ್ ಸೆಂಟರ್‌ನಲ್ಲಿ ಎರಡು ಸಲ ಗಾಡಿ ನಿಂತಿತ್ತು. ಒಬ್ಬರಾದರೂ ಮ್ಯಾಟ್ ಎತ್ತಿರಲಿಲ್ಲ!

ಆಮೇಲೆ ಮೀಟರ್ ತಂದರು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮಲ್ಟಿಮೀಟರ್ ಸೇರಿಸಿ, ಬಾಗಿಲೆಲ್ಲ ಮುಚ್ಚಿ, “ಟೀ ಕುಡಿಯೋಣ ಬನ್ನಿ” ಅಂದರು. ಟೀ ಸುಮ್ನೆ ಅಲ್ಲ. ಕಾರು ಆಫ್ ಮಾಡಿದ ತಕ್ಷಣ ಒಳಗಿನ ಡಬ್ಬಿಗಳು ನಿದ್ದೆ ಹೋಗುವುದಿಲ್ಲವಂತೆ, ಸ್ವಲ್ಪ ಹೊತ್ತು ಕಾಯಬೇಕು. ಬಂದು ನೋಡಿದರೆ ಬ್ಯಾಟರಿಯಿಂದ 380 ಮಿಲಿಆಂಪ್ ಕರೆಂಟ್ ಹೋಗುತ್ತಿತ್ತು. ಮಲಗಿದ ಕಾರಿನಲ್ಲಿ ಇದು 50ರ ಒಳಗಿರಬೇಕು. ಲೆಕ್ಕ ಹಾಕಿ: ನನ್ನದು 35 ಎಎಚ್ ಬ್ಯಾಟರಿ (ಒಂದು ಆಂಪ್‌ನಂತೆ ಎಳೆದರೆ 35 ಗಂಟೆ ಬರುವಂಥದ್ದು), ಈ ಲೆಕ್ಕದಲ್ಲಿ ನಾಲ್ಕು ದಿನದೊಳಗೆ ಪೂರ್ತಿ ಖಾಲಿ, ಸ್ಟಾರ್ಟ್ ಆಗದಿರುವುದಕ್ಕೆ ಎರಡು ದಿನ ಸಾಕು. ಫ್ಯೂಸ್ ಒಂದೊಂದೇ ಕಿತ್ತು ನೋಡಿದರು. ಬಿಸಿಎಂ ಫ್ಯೂಸ್ ತೆಗೆದದ್ದೇ 20ಕ್ಕೆ ಇಳಿಯಿತು.

ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಯು0140 ಅಂತ ಕೋಡ್ ಬಂತು. ಬಿಸಿಎಂ ಜೊತೆ ಮಾತು ನಿಂತಿದೆ ಅಂತ ಉಳಿದ ಡಬ್ಬಿಗಳು ದೂರು ಕೊಡುವ ಕೋಡ್ ಅದು. ಈಗಿನ ಕಾರುಗಳಲ್ಲಿ ಸ್ವಿಚ್ಚಿನಿಂದ ದೀಪಕ್ಕೆ ನೇರ ವೈರ್ ಇರೋದು ಕಡಿಮೆ. ಸ್ವಿಚ್ಚು ಬಿಸಿಎಂಗೆ ಹೇಳುತ್ತದೆ, ಬಿಸಿಎಂ ದೀಪ ಹೊತ್ತಿಸುತ್ತದೆ. ಡಬ್ಬಿಗಳು ಒಂದಕ್ಕೊಂದು ಮಾತಾಡೋಕೆ ಹೆಣೆದ ಎರಡು ವೈರ್, ಅದೇ ಕ್ಯಾನ್. ಬಾಷ್ ಕಂಪನಿ ಅದನ್ನು 1986ರಲ್ಲೇ ಹೊರಗೆ ಬಿಟ್ಟಿತ್ತು ಅಂತ ಮನೆಗೆ ಬಂದು ಓದಿದೆ. ಸ್ಟೀರಿಂಗ್ ಅಡಿಯ 16 ಪಿನ್ನಿನ ಸಾಕೆಟ್‌ನಲ್ಲಿ, ಆ ಎರಡು ವೈರ್ ಬರುವ 6 ಮತ್ತು 14ನೇ ಪಿನ್ನಿಗೆ ಮೀಟರ್ ಇಟ್ಟು ಅವರು 60 ಓಮ್ ತೋರಿಸಿದರು. ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್, ಸಮಾಂತರವಾಗಿ ಸೇರಿದರೆ 60. “ದಾರಿ ಸರಿ ಇದೆ ಸಾರ್, ಡಬ್ಬಿನೇ ಕೆಟ್ಟಿದೆ.” ನಾನು ಕೇಳಿದ ‘ಯಾಕೆ’ಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಡಬ್ಬಿ ಬಿಚ್ಚಿದಾಗ ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು, ತೊಳೆಯದೆ ಬಿಟ್ಟ ಹಿತ್ತಾಳೆ ಚೊಂಬಿಗೆ ಹಿಡಿಯುವಂಥದ್ದು. ತೊಳೆದು, ಒಣಗಿಸಿ, ಎರಡು ರಿಲೇ ಬದಲಿಸಿ ನೋಡ್ತೀನಿ, ನಾಲ್ಕು ದಿನ ಬಿಡಿ ಅಂದರು. ನಾನು ತಾಳಗುಪ್ಪ ರೈಲು ಹತ್ತಿ ಊರಿಗೆ ಬಂದೆ. ನಾಲ್ಕು ದಿನ ಒಂಬತ್ತಾಯಿತು. ನಾನೇ ಫೋನ್ ಮಾಡಿದಾಗ ಮಾತ್ರ ಸುದ್ದಿ. ರಿಪೇರಿ ನಿಲ್ಲಲಿಲ್ಲ, ಬೋರ್ಡಿನ ಪದರದ ಒಳಗಿನ ಗೆರೆಯೇ ತಿಂದು ಹೋಗಿತ್ತಂತೆ. ಅದೇ ಪಾರ್ಟ್ ನಂಬರಿನ ಹಳೇ ಡಬ್ಬಿಯೊಂದನ್ನು ಗುಜರಿಯಿಂದ ತರಿಸಿದ್ದರು.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಮತ್ತೆ ಶಿವಮೊಗ್ಗಕ್ಕೆ ಹೋಗಿ, ಮುಂದೆ ನಿಂತು ನೋಡಿದೆ. ಗುಜರಿ ಡಬ್ಬಿಯನ್ನು ಹಾಗೇ ಹಾಕಿದರು. ದೀಪ, ಹಾರ್ನ್, ವೈಪರ್ ಎಲ್ಲ ಸರಿ. ಕೀಲಿ ತಿರುಗಿಸಿದರೆ ಎಂಜಿನ್ ಮಾತ್ರ ಹೊತ್ತಿಕೊಳ್ಳದು, ಮೀಟರಿನಲ್ಲಿ ಕೀಲಿಯ ಚಿತ್ರ ಮಿಣಮಿಣ. “ಇದಕ್ಕೆ ನಿಮ್ಮ ಕೀಲಿ ಪರಿಚಯ ಇಲ್ಲ” ಅಂದರು. ನಮ್ಮ ಅಂಗಡಿಯಲ್ಲಿ ದಿನಾ ನೋಡೋ ಕಥೆಯೇ. ಕಾರ್ಟ್ರಿಜ್ ತುಂಬ ಇಂಕ್ ಇರುತ್ತದೆ, ಚಿಪ್ಪು ತನ್ನದಲ್ಲ ಅಂತ ಪ್ರಿಂಟರ್ ಮೂತಿ ತಿರುಗಿಸುತ್ತದೆ. ಕೀಲಿಯ ಹಿಡಿಯೊಳಗೂ ಒಂದು ಚಿಪ್ ಇದೆ, ಅದಕ್ಕೆ ಸೆಲ್ ಬೇಡ. ಅದರ ಗುರುತು ನನ್ನ ಗಾಡಿಯಲ್ಲಿ ಬಿಸಿಎಂ ಒಳಗೇ ಬರೆದಿರುತ್ತದೆ.

ಬರೆದಿರುವ ಜಾಗ ಅಕ್ಕಿಕಾಳಿಗಿಂತ ಚೂರು ದೊಡ್ಡದಿರುವ, ಎಂಟು ಕಾಲಿನ ಚಿಪ್. ನನ್ನ ಹಳೇ ಬೋರ್ಡು ಸತ್ತಿದ್ದರೂ ಈ ಚಿಪ್ಪಿಗೆ ನೀರು ತಾಗಿರಲಿಲ್ಲ. ಅದಕ್ಕೆ ಕ್ಲಿಪ್ ಕಚ್ಚಿಸಿ, ಲ್ಯಾಪ್‌ಟಾಪಿಗೆ ಓದಿಕೊಂಡರು. ಒಂದಲ್ಲ, ಮೂರು ಸಲ. ಮೂರೂ ಫೈಲ್ ಅಕ್ಷರಕ್ಕಕ್ಷರ ಒಂದೇ ಇವೆಯಾ ಅಂತ ಹೋಲಿಸಿದರು. ಗುಜರಿ ಡಬ್ಬಿಯಲ್ಲಿದ್ದದ್ದನ್ನೂ ಬೇರೆ ಉಳಿಸಿಟ್ಟರು. ಅಷ್ಟರಲ್ಲಿ ಕರೆಂಟ್ ಹೋಯಿತು. ಅವರು ಕೈ ಕಟ್ಟಿ ಕೂತುಬಿಟ್ಟರು. “ಓದೋದು ಯಾವಾಗ ಬೇಕಾದ್ರೂ ಆಗುತ್ತೆ. ಬರೆಯೋವಾಗ ಮಧ್ಯದಲ್ಲಿ ನಿಂತ್ರೆ ಡಬ್ಬಿ ಸತ್ತಂಗೆ.” ಮುಕ್ಕಾಲು ಗಂಟೆ ಕಾದು, ಕರೆಂಟ್ ಬಂದ ಮೇಲೇ ಬರೆದರು. ಡಬ್ಬಿ ಕಾರಿಗೆ ಹೋದ ಮೇಲೂ, ಸ್ಕ್ಯಾನರಿನಲ್ಲಿ ಉಳಿದ ಸೆಟ್ಟಿಂಗ್ ಮಾಡುವಷ್ಟು ಹೊತ್ತು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದರು. ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್. ಮಲಗಿಸಿ ಅಳೆದಾಗ 18 ಮಿಲಿಆಂಪ್.

ಕೀಲಿಯ ಕೆಲಸ ಅಂದರೆ ನಂಬಿಕೆಯ ವಿಷಯ. ನನ್ನ ಕೀಲಿ ಬರೆಯುವ ಅದೇ ಸಾಮಾನಿನಲ್ಲಿ ಕಳ್ಳನ ಕೀಲಿಯನ್ನೂ ಬರೆಯಬಹುದಲ್ಲ? ಇವರು ಡಬ್ಬಿ ಮುಟ್ಟುವ ಮೊದಲೇ ಆರ್‌ಸಿ ನೋಡಿದರು, ಆಧಾರ್ ಕಾಪಿ ಇಸಿದುಕೊಂಡರು. ನಾನಿದ್ದಾಗಲೇ ಒಬ್ಬರು ಬಂದು, ಗಾಡಿ ಮಾರಬೇಕು, ಕಿಲೋಮೀಟರ್ ಒಂದು ನಲವತ್ತು ಸಾವಿರ ಇಳಿಸಿ ಅಂದರು. “ಅದೊಂದು ಮಾಡಲ್ಲ ಅಣ್ಣ, ಬೇರೆ ಕಡೆ ನೋಡಿ” ಅಂತ ತಲೆ ಎತ್ತದೇ ಹೇಳಿದರು. ನನಗೋಸ್ಕರ ಹಾಗಂದರೋ ಏನೋ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ನನ್ನ ಗಾಡಿಯ ಮೀಟರನ್ನು ಕೆಲಸಕ್ಕೆ ಮೊದಲು, ಆಮೇಲೆ ಎರಡು ಸಲವೂ ಅವರೇ ಫೋಟೋ ತೆಗೆದಿಟ್ಟಿದ್ದರು.

ಒಟ್ಟು ಖರ್ಚು 10,100. ಹಳೇ ಡಬ್ಬಿಗೆ 4,500, ಕೆಲಸಕ್ಕೆ 5,000, ರಬ್ಬರ್ ಬುಷ್ ಬದಲಿಸಿ ಸಂದಿ ಮುಚ್ಚಿದ್ದಕ್ಕೆ 600. ಜೊತೆಗೆ ನನ್ನ ಚಿಪ್ಪಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಇದನ್ನು ಬೀರುವಿನಲ್ಲಿ, ಮನೆ ಪತ್ರದ ಜೊತೆ ಇಟ್ಟಿದ್ದೇನೆ.

ಸರಿ ಇಲ್ಲದ್ದೂ ಹೇಳಬೇಕು. ಗ್ಯಾರಂಟಿ ಮೂರೇ ತಿಂಗಳು, ಅದೂ ಬಾಯಿಮಾತಿನದು. ಬಿಲ್ಲು ಕೇಳಿದರೆ ಚೀಟಿಯಲ್ಲಿ ಬರೆದುಕೊಟ್ಟರು. ನಿಮ್ಮ ಕಾರಿಗೆ ಕಂಪನಿ ವಾರಂಟಿ ಇನ್ನೂ ಇದ್ದರೆ ಇಲ್ಲಿಗೆ ಹೋಗಲೇಬೇಡಿ. ಹೇಳಿದ ದಿನಕ್ಕೆ ಕೊಡುವ ಅಭ್ಯಾಸ ಇಲ್ಲ. ಮನೆಗೆ ಬಂದ ಮೇಲೆ ಡ್ರೈವರ್ ಕಡೆ ಗ್ಲಾಸು ಒಂದೇ ಒತ್ತಿಗೆ ಪೂರ್ತಿ ಇಳಿಯುವುದು ನಿಂತಿತ್ತು. ಫೋನ್ ಮಾಡಿದರೆ, ಪೂರ್ತಿ ಇಳಿಸಿ ಸ್ವಿಚ್ ಐದು ಸೆಕೆಂಡ್ ಒತ್ತಿ ಹಿಡೀರಿ, ಮೇಲೆ ಹೋದಾಗಲೂ ಹಾಗೇ ಮಾಡಿ ಅಂದರು. ಸರಿಯಾಯಿತು. ಮೊದಲೇ ಹೇಳಬಹುದಿತ್ತಲ್ವಾ?

ಇನ್ನೊಂದು. ಗಾಡಿ ಓಡುವಾಗ ಬಾಗಿಲು ತಾನೇ ಲಾಕ್ ಆಗುವ ಸೆಟ್ಟಿಂಗ್ ಇದೆ, ಆನ್ ಮಾಡಲಾ ಅಂತ ಕೇಳಿದ್ದರು. ಹೂಂ ಅಂದಿದ್ದೆ. ವಾಪಸ್ ಬಂದ ಮರುದಿನ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ರಸ್ತೆಗೆ ಬಂದು ಸ್ವಲ್ಪ ಜೋರು ಹೋಗುತ್ತಲೇ ‘ಟಕ್’ ಅಂತು. “ನೋಡು, ದುಡ್ಡು ದಂಡ, ಏನೂ ಸರಿ ಮಾಡಿಲ್ಲ” ಅಂದಳು. ಈಗಲೂ ಅವಳು ನಂಬಿಲ್ಲ.

ಹೋಗುವವರು ಎರಡೂ ಕೀಲಿ, ಆರ್‌ಸಿ ತಗೊಂಡು ಹೋಗಿ. ಭಾನುವಾರ ರಜ. ಮಧ್ಯಾಹ್ನ ಊಟದ ಹೊತ್ತಿಗೆ ಷಟರ್ ಅರ್ಧ ಇಳಿದಿರುತ್ತದೆ, ಬಗ್ಗಿ ಕೂಗಿದರೆ ಬರುತ್ತಾರೆ.