ದಿನದ ಓಡಾಟಕ್ಕೂ ಟ್ರೇಲರ್ ಎಳೆಯೋಕೂ ಒಂದೇ ಗಾಡಿ: ಸಿಲ್ವರಾಡೊ 1500 ಡೀಸೆಲ್

ನಾನು ಓಡಿಸುತ್ತಿರುವುದು ಶೆವರ್ಲೆ ಸಿಲ್ವರಾಡೊ 1500. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, 3 ಲೀಟರಿನ ಡ್ಯುರಾಮ್ಯಾಕ್ಸ್ ಡೀಸೆಲ್ ಇಂಜಿನ್. ವಾರವೆಲ್ಲ ಆಫೀಸಿಗೆ ಹೋಗಿ ಬರುವುದು ಇದರಲ್ಲೇ. ರಜೆ ಬಂತೆಂದರೆ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ನಾಲ್ಕೂ ಜನ ಹೊರಡುತ್ತೇವೆ. ಎರಡು ಕೆಲಸಕ್ಕೂ ಒಂದೇ ಪಿಕಪ್ ಸಾಕು ಅನ್ನುವವರು ಇದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಸಾಮಾನು ತುಂಬಿದ ಮೇಲೆ ಟ್ರೇಲರ್ ಮೂರು ಟನ್ನಿನೊಳಗೆ ಇರಬೇಕು, ಅಷ್ಟೇ.

ಮೊದಲು ಇಂಜಿನ್ ಬಗ್ಗೆ. ಆರು ಸಿಲಿಂಡರ್‌ಗಳೂ ಒಂದೇ ಸಾಲಿನಲ್ಲಿವೆ. ಈ ಜೋಡಣೆಯಲ್ಲಿ ಅದುರಾಟ ತಾನಾಗಿಯೇ ಕಡಿಮೆ. ಸಿಗ್ನಲ್‌ನಲ್ಲಿ ನಿಂತಾಗ ಒಳಗೆ ಕೂತವರಿಗೆ ಇದು ಡೀಸೆಲ್ ಅಂತ ಗೊತ್ತಾಗುವುದೇ ಇಲ್ಲ. 2023ರ ಮಾಡೆಲ್‌ನಿಂದ ಇದರ ಶಕ್ತಿ 305 ಎಚ್‌ಪಿ, ಟಾರ್ಕ್ ಅಂದರೆ ತಿರುಗಿಸುವ ಬಲ 671 ಎನ್ಎಂ. ಅದಕ್ಕೂ ಮುಂಚಿನದು 277 ಎಚ್‌ಪಿ. ಜೊತೆಗೆ ಹತ್ತು ಗೇರಿನ ಆಟೋಮ್ಯಾಟಿಕ್. ಟ್ರೇಲರ್ ಕಟ್ಟಿ ಏರು ಹತ್ತುವಾಗ ಇಂಜಿನ್ ಕಿರುಚುವುದಿಲ್ಲ, ಸಮಾಧಾನವಾಗಿ ಎಳೆಯುತ್ತದೆ.

ಏರಿಗಿಂತ ನನಗೆ ಇಳಿಜಾರು ಮುಖ್ಯ. ಹಿಂದಿನಿಂದ ಎರಡೂವರೆ ಟನ್ ತಳ್ಳುತ್ತಿರುವಾಗ ಬರೀ ಬ್ರೇಕ್ ಪೆಡಲ್ ನಂಬಿಕೊಂಡರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಈ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಇದೆ. ಇಂಜಿನ್ನಿನಿಂದ ಹೊರಹೋಗುವ ಹೊಗೆಯನ್ನು ಟರ್ಬೋದಲ್ಲಿ ತಡೆದು ಹಿಡಿಯುತ್ತದೆ, ಆ ಒತ್ತಡಕ್ಕೆ ಇಂಜಿನ್ನೇ ಗಾಡಿಯನ್ನು ನಿಧಾನ ಮಾಡುತ್ತದೆ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡ್ ಹಾಕಿದರೆ ಗೇರೂ ತಾನಾಗಿ ಇಳಿಯುತ್ತದೆ. ಉದ್ದದ ಘಾಟಿ ಇಳಿಯುವಾಗ ಮಕ್ಕಳು ಹಿಂದೆ ನಿದ್ದೆ ಮಾಡುತ್ತಿರುತ್ತಾರೆ, ನನ್ನ ಕಾಲು ಪೆಡಲ್ ಮೇಲೆ ಅಪರೂಪಕ್ಕೆ ಹೋಗುತ್ತದೆ. ಈ ಒಂದು ಕಾರಣಕ್ಕೇ ನಾನು ಪೆಟ್ರೋಲ್ ಬಿಟ್ಟು ಡೀಸೆಲ್ ಹಿಡಿದದ್ದು.

ಇನ್ನು ತೂಕದ ವಿಷಯ. ಜಾಹೀರಾತಿನಲ್ಲಿ ಆರು ಟನ್ ಎಳೆಯುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಅಂಕಿಯನ್ನು ಪಕ್ಕಕ್ಕಿಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಈ ಗಾಡಿ ಎಷ್ಟು ಕೆಜಿ ಹೊರಬಹುದು ಅಂತ ಅದರಲ್ಲಿರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಇದು ಬೇರೆ ಬೇರೆ ಇರುತ್ತದೆ. ಸನ್‌ರೂಫ್, ದೊಡ್ಡ ಚಕ್ರ ಅಂತ ಒಂದೊಂದು ಸೇರಿದಂತೆ ಅಂಕಿ ಇಳಿಯುತ್ತಾ ಹೋಗುತ್ತದೆ.

ನನ್ನದರಲ್ಲಿ 720 ಕೆಜಿ. ಟ್ರೇಲರ್ ತುಂಬಿದ ಮೇಲೆ 2,700 ಕೆಜಿ. ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ಎತ್ತಿನ ಗಾಡಿಯ ಮೂಕಿ ಭಾರದ ಹಾಗೆಯೇ, ಕಡಿಮೆಯಾದರೆ ಹಿಂದಿನದು ಅತ್ತಿತ್ತ ಓಲಾಡಲು ಶುರುಮಾಡುತ್ತದೆ. ನೂರಕ್ಕೆ 12 ಅಂದುಕೊಂಡರೂ 325 ಕೆಜಿ ಆಯಿತು. ನಾವು ನಾಲ್ಕು ಜನ 280, ಭಾರ ಹಂಚುವ ಹಿಚ್ 40. ಒಟ್ಟು 645. ಉಳಿದದ್ದು 75 ಕೆಜಿ! ಸೈಕಲ್, ಕೂಲರ್, ಜನರೇಟರ್ ಅಂತ ಹಿಂದೆ ಏರಿಸುವ ಮುಂಚೆ ಎರಡು ಸಲ ಯೋಚಿಸಬೇಕು. ಎಳೆಯುವ ಶಕ್ತಿ ಇನ್ನೂ ಬೇಕಾದಷ್ಟಿರುತ್ತದೆ, ಹೊರುವ ಶಕ್ತಿ ಮುಗಿದಿರುತ್ತದೆ. ದಯವಿಟ್ಟು ಈ ಲೆಕ್ಕವನ್ನು ಗಾಡಿ ಕೊಳ್ಳುವ ಮುಂಚೆಯೇ ಮಾಡಿ, ಟ್ರೇಲರ್ ಸಮೇತ ಒಂದು ಸಲ ವೇಬ್ರಿಜ್ ಮೇಲೆ ನಿಲ್ಲಿಸಿ ನೋಡಿ.

ಲೆಕ್ಕ ಮೀರಿದರೆ ಇನ್ನೂ ಹೆಚ್ಚು ಭಾರ ಹೊರುವ 2500 ಅಥವಾ 3500 ವರ್ಗದ ಪಿಕಪ್‌ಗೆ ಹೋಗಬೇಕು. ಅಲ್ಲಿ ರ‍್ಯಾಮ್‌ನಲ್ಲಿ 6.7 ಲೀಟರಿನ ಕಮಿನ್ಸ್, ಫೋರ್ಡ್‌ನಲ್ಲಿ 6.7 ಲೀಟರಿನ ಪವರ್ ಸ್ಟ್ರೋಕ್, ಶೆವರ್ಲೆಯಲ್ಲೇ 6.6 ಲೀಟರಿನ ಡ್ಯುರಾಮ್ಯಾಕ್ಸ್. ಮೂರೂ ಗಟ್ಟಿ ಇಂಜಿನ್‌ಗಳೇ. ಆದರೆ ಆ ಡೀಸೆಲ್ ಇಂಜಿನ್‌ಗಳ ತೂಕವೇ ಜಾಸ್ತಿ. ಹಾಗಾಗಿ 2500ರಲ್ಲಿ ಡೀಸೆಲ್ ಗಾಡಿಯ ಪೇಲೋಡ್ ಅದೇ ಗಾಡಿಯ ಪೆಟ್ರೋಲ್ ರೂಪಕ್ಕಿಂತ ಕಡಿಮೆ ಇರುವುದುಂಟು. ಅಲ್ಲೂ ಚೀಟಿ ಓದಿಯೇ ನಿರ್ಧರಿಸಿ. ಟ್ರೇಲರ್ ಇಲ್ಲದ ದಿನ ಆ ದೊಡ್ಡ ಗಾಡಿಗಳ ಸ್ಪ್ರಿಂಗ್ ಬಿರುಸು, ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ಬರುತ್ತದೆ. ದಿನಾ ಓಡಿಸುವವರಿಗೆ ಅದು ಸಣ್ಣ ವಿಷಯ ಅಲ್ಲ ಅಲ್ವಾ?

ದಿನದ ಓಡಾಟ ಹೇಗಿದೆ ಅನ್ನುವುದನ್ನೂ ನೋಡಿಕೊಳ್ಳಿ. ಹೊಗೆಯ ಮಸಿಯನ್ನು ಡಿಪಿಎಫ್ ಅನ್ನುವ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆ ಶಾಖ ಬರಬೇಕಾದರೆ ಗಾಡಿ ಸ್ವಲ್ಪ ಹೊತ್ತು ಬಿಡದೆ ಓಡಬೇಕು. ನನ್ನ ದಾರಿ ಅರ್ಧ ಗಂಟೆಯ ಹೆದ್ದಾರಿ, ಆದ್ದರಿಂದ ತೊಂದರೆ ಇಲ್ಲ. ಬರೀ ಐದು ನಿಮಿಷ ಶಾಲೆಗೆ, ಹತ್ತು ನಿಮಿಷ ಅಂಗಡಿಗೆ ಅನ್ನುವವರು ಡೀಸೆಲ್ ತೆಗೆದುಕೊಳ್ಳಬೇಡಿ. ಸುಡುವುದು ಪದೇ ಪದೇ ಅರ್ಧಕ್ಕೇ ನಿಂತರೆ ಫಿಲ್ಟರ್ ಕಟ್ಟಿಕೊಂಡು ವರ್ಕ್‌ಶಾಪ್ ಸೇರಬೇಕಾಗುತ್ತದೆ.

ಡಿಇಎಫ್ ಹಾಕಿಸುವುದು ದೊಡ್ಡ ಕೆಲಸ ಅಲ್ಲ. ಹೊಗೆಯನ್ನು ಶುದ್ಧ ಮಾಡಲು ಬೇಕಾದ, ಯೂರಿಯಾ ಬೆರೆಸಿದ ನೀರು ಅದು, ಡೀಸೆಲ್ ಮುಚ್ಚಳದ ಪಕ್ಕದಲ್ಲೇ ನೀಲಿ ಮುಚ್ಚಳ. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕದಂತೆ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ. ಡಿಇಎಫ್ ತಪ್ಪಿ ಡೀಸೆಲ್ ಟ್ಯಾಂಕಿಗೆ ಹೋದರೆ ಇಂಜಿನ್ ಸ್ಟಾರ್ಟ್ ಮಾಡಲೇಬಾರದು.

ಹಳೆಯದನ್ನು ಕೊಳ್ಳುವವರು ಇನ್ನೊಂದು ವಿಷಯ ಕೇಳಿ ತಿಳಿಯಬೇಕು. ಈ ಇಂಜಿನ್ನಿನ ಆಯಿಲ್ ಪಂಪ್ ತಿರುಗುವುದು ಒಂದು ಬೆಲ್ಟ್‌ನಿಂದ. ಆ ಬೆಲ್ಟ್ ಇರುವುದು ಇಂಜಿನ್ನಿನ ಹಿಂಭಾಗದಲ್ಲಿ, ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. 277 ಎಚ್‌ಪಿಯ ಇಂಜಿನ್‌ಗೆ ಕಂಪನಿ ಹೇಳಿದ ಗಡುವು ಒಂದೂವರೆ ಲಕ್ಷ ಮೈಲಿ, ಅಂದರೆ ಸುಮಾರು 2.4 ಲಕ್ಷ ಕಿಲೋಮೀಟರ್. ಮೀಟರ್ ಆ ಹತ್ತಿರ ಬಂದಿರುವ ಗಾಡಿಯಾದರೆ ಬೆಲ್ಟ್ ಬದಲಿಸಿದ ಬಿಲ್ ತೋರಿಸಲು ಕೇಳಿ. ಬಿಲ್ ಇಲ್ಲ ಅಂದರೆ ಆ ಖರ್ಚನ್ನು ಹಿಡಿದುಕೊಂಡೇ ವ್ಯಾಪಾರ ಮಾತಾಡಿ.