ಐದು ತಲೆಮಾರಿನ ಹಾಡು ರೆಕಾರ್ಡ್ ಮಾಡಿಸಿದ ಸ್ಟುಡಿಯೋ ಬಗ್ಗೆ: 5ಕ್ಕೆ 4

ಮುತ್ತಜ್ಜ ಬರೆದ 3 ಹಾಡು, ಅಜ್ಜಿದು 4, ಅಪ್ಪಂದು 2, ಅಕ್ಕಂದು 1, ನನ್ನ ಮಗಳು ಬರೆದಿದ್ದು 1. ಒಟ್ಟು 11 ಹಾಡಿನ ಆಲ್ಬಮ್, ಮುಗಿಸೋಕೆ ಹತ್ರ ಹತ್ರ ಮೂರು ತಿಂಗಳು ಹಿಡೀತು. ನಮ್ಮನೇಲಿ ಯಾರೂ ವೃತ್ತಿಗಾಯಕರಲ್ಲ, ಸ್ಟುಡಿಯೋ ಒಳಗೆ ಕಾಲಿಟ್ಟಿದ್ದೂ ಇದೇ ಮೊದಲು. ಈ ತರ ಮನೆಹಾಡು ರೆಕಾರ್ಡ್ ಮಾಡ್ಸಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ.

ಮೊದಲು ಬೇರೆ ಒಂದು ಕಡೆ ಹೋಗಿದ್ವಿ. ಅಲ್ಲಿ ಅತ್ತೆ ಹಾಡಿದ್ದನ್ನ ಪೂರ್ತಿ ಕ್ಲಿಕ್ ಟ್ರ್ಯಾಕ್ (ಲಯಕ್ಕೆ ಅಂತ ಒಂದೇ ಸಮ ಟಿಕ್ ಟಿಕ್ ಅನ್ನೋ ಸದ್ದು) ಮೇಲೆ ಕೂರಿಸಿ, ಪಿಚ್ (ಶ್ರುತಿ) ಎಲ್ಲಾ ಸಾಫ್ಟ್‌ವೇರಲ್ಲಿ ಸರಿ ಮಾಡಿ ಕೊಟ್ರು. ಅತ್ತೆಗೆ 78 ವರ್ಷ, ಅವರು ಸ್ವರದಿಂದ ಸ್ವರಕ್ಕೆ ಜಾರೋ ರೀತಿನೇ ಆ ಹಾಡಿನ ಜೀವ. ಅದೇ ಹೋಗ್ಬಿಟ್ಟಿತ್ತು. ಕೇಳಿದ ಮೇಲೆ ಅತ್ತೆ 'ಚೆನ್ನಾಗಿದೆ, ಆದ್ರೆ ಇದು ಯಾರು ಹಾಡಿದ್ದು?' ಅಂದ್ರು. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ್ರು. ನಂಗೆ ಅವತ್ತು ಬಹಳ ಬೇಜಾರಾಯ್ತು.

ಈ ಎರಡನೇ ಸ್ಟುಡಿಯೋದವರು ಬುಕಿಂಗ್‌ಗೆ ಮುಂಚೆನೇ 'ಮನೇಲಿ ಹೇಗೆ ಹಾಡ್ತೀರೋ ಹಾಗೆ ಒಂದ್ಸಲ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ' ಅಂದ್ರು. ಕಳಿಸಿದ್ವಿ. ಎಂಜಿನಿಯರ್ ಎಲ್ಲಾ ಕೇಳ್ಕೊಂಡು ಬಂದಿದ್ದ. ಯಾವ ಹಾಡಿಗೆ ತಾಳ ಇದೆ, ಯಾವುದು ಉಸಿರಿನ ಲೆಕ್ಕದಲ್ಲಿ ಹೋಗುತ್ತೆ ಅಂತ ಪಟ್ಟಿನೇ ಮಾಡಿದ್ದ, 11ರಲ್ಲಿ ಕ್ಲಿಕ್ ಹಾಕಿದ್ದು ಬರೀ 2 ಹಾಡಿಗೆ. ಆವಾಗ್ಲೇ ನಂಗೆ ಧೈರ್ಯ ಬಂತು.

ಅತ್ತೆಗೆ ಹೆಡ್‌ಫೋನ್ ಹಾಕಿದ್ರೆ ತಮ್ಮ ದನಿ ತಮಗೇ ಹೊರಗಿಂದ ಕೇಳಿಸದೆ ಶ್ರುತಿ ತಪ್ಪೋದು, ಗಟ್ಟಿಯಾಗಿ ಕೂಗೋಕೆ ಶುರು ಮಾಡೋರು. ಎಂಜಿನಿಯರ್ ಹೆಡ್‌ಫೋನನ್ನ ಒಂದು ಕಿವಿಯಿಂದ ತೆಗೆದು ಹಿಂದಕ್ಕೆ ಸರಿಸಿ, ಇನ್ನೊಂದು ಕಿವೀಲಿ ತಂಬೂರಿ ಮಾತ್ರ ಮೆಲ್ಲಗೆ ಬಿಟ್ಟ. ಮೈಕ್ ಒಂದು ಗೇಣು ದೂರ, ಮುಂದೆ ಪಾಪ್ ಫಿಲ್ಟರ್ ('ಪ', 'ಬ' ಅಂದಾಗ ಬಾಯಿಗಾಳಿ ಮೈಕಿಗೆ ಬಡಿಯದ ಹಾಗೆ ತಡೆಯೋ ಪರದೆ), ನಿಲ್ಲೋದು ಬೇಡ ಅಂತ ಕುರ್ಚಿ, ಅದೂ ಕಿರ್ ಅನ್ನದ ಕುರ್ಚಿ ಹುಡುಕಿ ತಂದ. ಎರಡನೇ ಟೇಕಲ್ಲೇ ಹಾಡು ಸಿಕ್ತು.

ಇನ್ನು ಮುತ್ತಜ್ಜನ ಹಾಡುಗಳ ಕಥೆನೇ ಬೇರೆ. ನೋಟ್‌ಬುಕ್ಕಲ್ಲಿ ಸಾಹಿತ್ಯ ಇದೆ, ಧಾಟಿ ಇಲ್ಲ. ಒಂದು ಹಾಡನ್ನ ಅತ್ತೆ ಒಂದು ಧಾಟೀಲಿ ಹಾಡ್ತಾರೆ, ದೊಡ್ಡಪ್ಪ ಇನ್ನೊಂದರಲ್ಲಿ, ಇಬ್ಬರೂ 'ಅಜ್ಜ ಹಾಡ್ತಿದ್ದಿದ್ದು ಹೀಗೇನೇ' ಅಂತಾರೆ. ಸ್ಟುಡಿಯೋಲೇ ಮಾತಿಗೆ ಮಾತು ಬೆಳೀತು. ಎಂಜಿನಿಯರ್ ಯಾರ ಪರನೂ ಮಾತಾಡ್ಲಿಲ್ಲ, ಇಬ್ಬರದ್ದೂ ರೆಕಾರ್ಡ್ ಮಾಡಿ ಮನೆಗೆ ಕಳಿಸಿದ. ವಾರಗಟ್ಟಲೆ ಕೇಳಿದ್ಮೇಲೆ ಎರಡನ್ನೂ ಇಟ್ಕೊಂಡ್ವಿ, ಪಲ್ಲವಿ, ಮೊದಲ ಚರಣ ಅತ್ತೆ ಧಾಟಿ, ಕೊನೇ ಚರಣ ದೊಡ್ಡಪ್ಪಂದು. ಆಲ್ಬಮಲ್ಲಿ ನಂಗೆ ತುಂಬಾ ಇಷ್ಟವಾದ ಹಾಡು ಅದೇ.

ಈಗ ಅಜ್ಜಿ ಕ್ಯಾಸೆಟ್. ಇದನ್ನ ಹೇಳೋಕೇ ಈ ರಿವ್ಯೂ ಬರೆಯೋಕೆ ಕೂತಿದ್ದು.

ಅಜ್ಜಿ ದನಿ ಇರೋದು ಒಂದೇ ಒಂದು 60 ನಿಮಿಷದ ಕ್ಯಾಸೆಟ್ಟಲ್ಲಿ. ಟೇಪಿಗೆ ಒತ್ತಿ ಕೂರೋ ಸಣ್ಣ ಬಟ್ಟೆ ಪ್ಯಾಡ್ ಉದುರಿಹೋಗಿತ್ತು, ಅದಕ್ಕೆ ಎಲ್ಲಿ ಹಾಕಿದ್ರೂ ಗೊರಗೊರ ಅಂತಿತ್ತು. ಎಂಜಿನಿಯರ್ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ಟೇಪನ್ನ ಹಾಗೇ ಎತ್ತಿ ಬೇರೆ ಒಳ್ಳೇ ಕವಚಕ್ಕೆ ಹಾಕಿದ. ನಾನು ಪಕ್ಕದಲ್ಲೇ ಕೂತಿದ್ದೆ, ಉಸಿರು ಬಿಡೋಕೂ ಭಯ. ಆಮೇಲೆ ಕ್ಯಾಸೆಟ್ ಡೆಕ್ಕಲ್ಲಿ ಟೇಪ್ ಓದೋ ಹೆಡ್ ಪಕ್ಕ ಇರೋ ಚಿಕ್ಕ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸ್ತಾ ಹೋದ, ಒಂದು ಕಡೆ ಬಂದಾಗ ಮುಸುಕು ಸರಿಸಿದ ಹಾಗೆ ಅಜ್ಜಿಯ 'ಸ', 'ಶ' ಎಲ್ಲಾ ತಿಳಿಯಾಗಿ ಕೇಳ್ತು. ಹೆಡ್ಡಿನ ಓರೆ ರೆಕಾರ್ಡ್ ಮಾಡಿದ ಮಷೀನಿನ ಓರೆಗೆ ಹೊಂದಬೇಕಂತೆ, ಇಲ್ಲಾಂದ್ರೆ ಮೇಲಿನ ಸ್ವರಗಳ ಹೊಳಪೆಲ್ಲಾ ಮಂಕಾಗುತ್ತೆ.

ಆದ್ರೆ ಶ್ರುತಿ ಹಾರ್ಮೋನಿಯಂನ ಯಾವ ಮನೆಗೂ (ಒತ್ತೋ ಪಟ್ಟಿಗೂ) ಕೂರ್ತಿರಲಿಲ್ಲ. ಎರಡು ಮನೆ ಮಧ್ಯೆ ಎಲ್ಲೋ ನಿಂತಿತ್ತು. ಸ್ಪೀಡ್ ತಪ್ಪಿದೆ ಅಂತ ಗೊತ್ತಾಯ್ತು, ಎಷ್ಟು ತಪ್ಪಿದೆ ಅಂತ ಹೇಗೆ ಹೇಳೋದು? ಅವನು ಹಾಡು ಬಿಟ್ಟು ಹಾಡಿನ ಹಿಂದಿರೋ ಗುಂಯ್ ಅನ್ನೋ ಸದ್ದು ನೋಡಿದ. ಅದು ಕರೆಂಟಿನ ಹಮ್, ನಮ್ಮ ಲೈನಲ್ಲಿ ಅದು 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಇರ್ಬೇಕು, ಟೇಪಲ್ಲಿ 52 ಬರ್ತಿತ್ತು. ಅಂದ್ರೆ ರೆಕಾರ್ಡ್ ಮಾಡಿದ ಹಳೇ ಮಷೀನಿನ ಮೋಟರ್ ನಿಧಾನ ಓಡ್ತಿತ್ತು, ಸರಿಯಾದ ಸ್ಪೀಡಿನ ಡೆಕ್ಕಿಗೆ ಹಾಕಿದ್ರೆ ಶೇಕಡಾ 4ರಷ್ಟು ವೇಗವಾಗಿ ಓಡುತ್ತೆ. 52ನ 50ಕ್ಕೆ ಇಳಿಸಿದ್ಮೇಲೆ ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ ಕೆಳಗೆ ಬಂತು, ಸರಿಯಾಗಿ ಒಂದು ಮನೆ ಮೇಲೆ ಕೂತ್ಕೊಂಡ್ತು.

ನಾವೆಲ್ಲ ಅಜ್ಜಿದು ತೆಳು ದನಿ ಅನ್ಕೊಂಡಿದ್ವಿ, ಯಾಕಂದ್ರೆ ಇಷ್ಟು ವರ್ಷ ಕೇಳಿದ್ದು ಆ ವೇಗದ ಟೇಪನ್ನೇ. ಈಗ ದನಿ ತುಂಬಿಕೊಂಡು, ಎದೆಯಿಂದ ಬಂತು. ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡ್ಕೊಂಡು 'ಅಮ್ಮಂದು ಇದು' ಅಂದ್ರು, ಇನ್ನೊಂದ್ಸಲ ಹಾಕಿ ಅಂದ್ರು. ಆ ಹಾಡಿಗೆ ನನ್ನ ಮಗಳು ಜೊತೆದನಿ ಕೊಟ್ಟಿದ್ದಾಳೆ, ಅವಳು ಅಜ್ಜಿನ ನೋಡಿಯೇ ಇಲ್ಲ.

ಗದ್ದಲ ತೆಗೆಯೋದ್ರಲ್ಲೂ ಮೊದಲು ಕೇಳಿದ್ರು. ಮೊದಲ ಸಲ ಸ್ವಲ್ಪ ಜಾಸ್ತಿ ಉಜ್ಜಿದ್ರು ಅನ್ಸುತ್ತೆ, ಅಜ್ಜಿ ನೀರೊಳಗೆ ಕೂತು ಹಾಡಿದ ಹಾಗಿತ್ತು. ಹೇಳಿದ ತಕ್ಷಣ ಹಿಂದಕ್ಕೆ ಹೋದ್ರು. ಈಗ ಸ್ವಲ್ಪ ಸುಯ್ ಅನ್ನೋ ಸದ್ದಿದೆ, ಬಳೆ ಸದ್ದಿದೆ, ಮಧ್ಯದಲ್ಲಿ ಅಜ್ಜಿ ನಿಲ್ಲಿಸಿ 'ಆನ್ ಆಗಿದ್ಯಾ?' ಅಂತ ಕೇಳೋದೂ ಇದೆ. ಹಾಗೇ ಇರ್ಲಿ ಅಂದ್ವಿ.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ, ಒಂದು, ಕನಿಷ್ಠ 4 ಗಂಟೆ ಒಟ್ಟಿಗೇ ಬುಕ್ ಮಾಡ್ಬೇಕು ಅನ್ನೋ ನಿಯಮ. ಅತ್ತೆ ದನಿ ಒಂದೂವರೆ ಗಂಟೆಗೆ ಸೋತುಹೋಗುತ್ತೆ, ಎರಡು ದಿನಕ್ಕೆ ಹಂಚಿ ಕೊಡಿ ಅಂದ್ರೆ ಒಪ್ಪಲಿಲ್ಲ, ಉಳಿದ ಹೊತ್ತಿಗೆ ಬೇರೆಯವರನ್ನ ಓಡಿಸಿ ಕರ್ಕೊಂಡು ಬರ್ಬೇಕಾಯ್ತು. ಮಿಕ್ಸ್ (ಎಲ್ಲ ದನಿ, ವಾದ್ಯ ಸೇರಿಸಿ ಹದ ಮಾಡೋದು) ಎರಡು ವಾರ ಅಂದಿದ್ದು ಐದು ವಾರ ಆಯ್ತು, ನಾವೇ ಫೋನ್ ಮಾಡಿ ಮಾಡಿ ಕೇಳ್ಬೇಕಿತ್ತು. ಮೊದಲ ಮಿಕ್ಸಲ್ಲಿ ಹಾರ್ಮೋನಿಯಂ ಜೋರು, ಮಾತು ಮೆಲ್ಲಗೆ. ಸಾಹಿತ್ಯನೇ ಮುಖ್ಯ ಇರೋ ಹಾಡಲ್ಲಿ ಹಾಗೆ ಆಗಬಾರದು. ಕ್ರೆಡಿಟ್ಟಲ್ಲಿ ಅಜ್ಜಿ ಬರೆದ ಹಾಡಿಗೆ ಅಪ್ಪನ ಹೆಸರು ಬಿದ್ದಿತ್ತು, ಅದನ್ನ ನಾವು ನೋಡದೇ ಇದ್ದಿದ್ರೆ ಹಾಗೇ ಹೊರಗೆ ಹೋಗ್ತಿತ್ತು. ಬರೆದವರು ಯಾರು, ಧಾಟಿ ಯಾರದ್ದು, ಹಾಡಿದ್ದು ಯಾರು, ಮೂರೂ ಬೇರೆ ಬೇರೆ ಬರೆದು ಮೊದಲೇ ಅವರ ಕೈಗೆ ಕೊಡಿ.

ಆನ್‌ಲೈನಿಗೆ ಹಾಕೋದಾದ್ರೆ ಇನ್ನೊಂದು ವಿಷಯ. ಕಾಪಿರೈಟ್ ಬಗ್ಗೆ ದೇಶಗಳು ಮಾಡ್ಕೊಂಡಿರೋ ಬರ್ನ್ ಒಪ್ಪಂದದ ಪ್ರಕಾರ ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರುತ್ತೆ, ಎಷ್ಟೋ ದೇಶಗಳಲ್ಲಿ ಇನ್ನೂ ಜಾಸ್ತಿ. ಅಜ್ಜಿ ಹಾಡು ಬರೀ ನಮ್ಮದಲ್ಲ, ದೊಡ್ಡಪ್ಪ, ಅತ್ತೆ ಎಲ್ಲರದ್ದೂ. ಒಂದು ಹಾಳೇಲಿ ಎಲ್ಲರ ಸಹಿ ಹಾಕಿಸ್ಕೊಂಡ್ವಿ, ಸ್ಟುಡಿಯೋದವರೇ ಹೇಳಿದ್ದು ಇದನ್ನ, ಅದಕ್ಕೆ ಥ್ಯಾಂಕ್ಸ್.

ಫೈಲ್ ವಿಷಯದಲ್ಲಿ ದೂರೇ ಇಲ್ಲ. ಮೊದಲ ಕಡೆ ಎಂಪಿ3 ಮಾತ್ರ ಕೊಟ್ಟಿದ್ರು. ಇಲ್ಲಿ ಫೈನಲ್ ಮಾಸ್ಟರ್ ಜೊತೆ ಪ್ರತಿಯೊಬ್ಬರ ದನಿ, ಪ್ರತಿ ವಾದ್ಯ ಬೇರೆ ಬೇರೆಯಾಗಿ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲಲ್ಲಿ (ಎಂಪಿ3 ತರ ಕುಗ್ಗಿಸದ ಫೈಲು) ಕೊಟ್ರು. ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಹಾಗಾಗಿ ದೊಡ್ಡ ಹಾರ್ಡ್‌ಡಿಸ್ಕೇ ತಗೊಂಡು ಹೋಗಿ, ಎರಡು ಇದ್ರೆ ಇನ್ನೂ ಒಳ್ಳೇದು, ಒಂದು ದೊಡ್ಡಪ್ಪನ ಮನೇಲಿಟ್ಟಿದ್ದೀವಿ. ಕ್ಯಾಸೆಟ್ಟನ್ನ ಏನೂ ಸರಿ ಮಾಡದೆ ಇದ್ದ ಹಾಗೇ ಇಳಿಸಿದ ಕಾಪಿನೂ ಸಪರೇಟಾಗಿ ಇದೆ. ಮುಂದೆ ಇನ್ನೂ ಒಳ್ಳೇ ತಂತ್ರ ಬಂದ್ರೆ ಅದರಿಂದಲೇ ಶುರು ಮಾಡ್ಬಹುದು.

ಮುತ್ತಜ್ಜನ ನೋಟ್‌ಬುಕ್ಕಲ್ಲಿ ಇನ್ನೂ ಎರಡು ಹಾಡು ಉಳಿದಿವೆ, ಧಾಟಿ ಯಾರಿಗೂ ನೆನಪಿರಲಿಲ್ಲ. ಆಲ್ಬಮ್ ಕೇಳಿದ ಮೇಲೆ ಹೋದ ವಾರ ಅತ್ತೆ ಫೋನ್ ಮಾಡಿ 'ಒಂದು ಚರಣ ಬಾಯಿಗೆ ಬಂತು ನೋಡು' ಅಂತ ಹಾಡಿದ್ರು. ಮುಂದಿನ ತಿಂಗಳು ಮತ್ತೆ ಅಲ್ಲೇ ಬುಕ್ ಮಾಡಿದ್ದೀನಿ, ಬೆಳಗಿನ ಹೊತ್ತಿಗೆ, ಅತ್ತೆ ದನಿ ಆಗ ಚೆನ್ನಾಗಿರುತ್ತೆ.