ಅಟ್ಮೋಸ್ ಅಂತ ಕೊಟ್ಟದ್ದು ಬರೀ ಮೋಸ: ಟಿವಿಯನ್ನು ಪಿಸಿಎಂಗೆ ಹಾಕಿ ಹೋದರೆ ಒಪ್ಪಬೇಡಿ

ಓಣಂ ಆಫರಿಗೆ ಮರುಳಾಗಿ ‘5.1 ಡಾಲ್ಬಿ ಅಟ್ಮೋಸ್ ಹೋಂ ಥಿಯೇಟರ್’ ತಗೊಳ್ಳಲಿಕ್ಕೆ ಹೊರಟವರು ಇದನ್ನು ಓದಿಯೇ ಹೋಗಿ. 5.1 ಅಂದರೆ ಐದು ಸ್ಪೀಕರಿಗೆ ಐದು ಬೇರೆ ಬೇರೆ ಸದ್ದಿನ ದಾರಿ (ಚಾನೆಲ್), ಜೊತೆಗೆ ಬಾಸಿಗೆ ಒಂದು. ಅಟ್ಮೋಸ್ ಅಂದರೆ ಸದ್ದನ್ನು ಸುತ್ತಲೂ, ತಲೆಯ ಮೇಲೂ ಬೇಕಾದಲ್ಲಿ ಇಡುವ ಡಾಲ್ಬಿ ಕಂಪೆನಿಯ ತಂತ್ರ. ಕಾಸರಗೋಡು ಪೇಟೆಯ ಒಂದು ಅಂಗಡಿಗೆ 14,500 ರೂಪಾಯಿ ಕೊಟ್ಟಾಯ್ತು, ಮೂರು ವಾರ ಫೋನಿನಲ್ಲಿ ಜಗಳ ಆಡಿಯಾಯ್ತು, ಒಂದು ಪೈಸೆ ವಾಪಸ್ ಬರಲಿಲ್ಲ. ಅಂಗಡಿಯ ಹೆಸರು ಹಾಕುವುದಿಲ್ಲ. ಹೆಸರಿಗಿಂತ ಡಬ್ಬದ ಹಿಂಭಾಗ ಮುಖ್ಯ, ಅದನ್ನೇ ನೋಡದೆ ಕೆಟ್ಟದ್ದು.

ಅಂಗಡಿಯಲ್ಲಿ ಡೆಮೋ ತೋರಿಸಿದ್ದು ಪೆನ್‌ಡ್ರೈವಿನಿಂದ. ಮಳೆ, ಗುಡುಗು, ತಲೆಯ ಸುತ್ತ ಹೆಲಿಕಾಪ್ಟರ್. ಐದೂ ಸ್ಪೀಕರ್ ಕೂಗಿದವು. ಡಿಸ್‌ಪ್ಲೇ ಪೀಸನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಯಾವ ಪೋರ್ಟ್, ಯಾವ ಗುರುತು ಉಂಟು ಅಂತ ತಿಳಿಯುವ ಹಿಂದಿನ ಪ್ಯಾನೆಲ್ ಕಾಣುತ್ತಿರಲಿಲ್ಲ. ನೆರೆಕರೆಯವರ ಟಿವಿಗೆಲ್ಲ ವಯರ್ ಎಳೆದು ಕೊಡುವವನಿಗೆ ‘ಸ್ವಲ್ಪ ತಿರುಗಿಸಿ ತೋರಿಸಿ’ ಅಂತ ಕೇಳುವ ಬುದ್ಧಿ ಬರಲಿಲ್ಲ. ನಾಚಿಕೆ ಇರುವುದೇ ಅಲ್ಲಿ. ಪೆನ್‌ಡ್ರೈವಿನ ಮಾಮೂಲಿ ಎಂಪಿ4 ಫೈಲಿನಲ್ಲಿ ಇರುವುದು ಹೆಚ್ಚಾಗಿ ಎರಡೇ ಚಾನೆಲ್. ಐದು ಸ್ಪೀಕರಿನಲ್ಲಿ ಸದ್ದು ಬಂತು ಅಂದರೆ ಐದು ಚಾನೆಲ್ ಉಂಟು ಅಂತ ಅಲ್ಲ!

ಮರುದಿನ ಫಿಟ್ಟಿಂಗಿಗೆ ಹುಡುಗ ಬಂದ. ಟಿವಿಯ ಎಆರ್‌ಸಿ ಪೋರ್ಟಿಗೆ (ಟಿವಿಯ ಸದ್ದನ್ನು ಹೊರಗಿನ ಸ್ಪೀಕರಿಗೆ ಕಳಿಸುವ ಎಚ್‌ಡಿಎಂಐ ಪೋರ್ಟ್) ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ, ಒಟಿಟಿಯಲ್ಲಿ ಅಟ್ಮೋಸ್ ಗುರುತು ಇದ್ದ ಸಿನಿಮಾ ಹಾಕಿದ. ಸದ್ದೇ ಇಲ್ಲ. ಕೇಬಲ್ ತೆಗೆದು ಹಾಕಿದ, ಇಲ್ಲ. ಆಮೇಲೆ ರಿಮೋಟ್ ಹಿಡಿದು ಸೌಂಡ್ ಸೆಟ್ಟಿಂಗ್‌ಗೆ ಹೋಗಿ, ಡಿಜಿಟಲ್ ಔಟ್‌ಪುಟ್ ‘ಪಾಸ್ ಥ್ರೂ’ ಅಂತ ಇದ್ದದ್ದನ್ನು ‘ಪಿಸಿಎಂ’ (ಟಿವಿಯೇ ಬಿಚ್ಚಿ ಕಳಿಸುವ ಸಾದಾ ಸದ್ದು) ಮಾಡಿದ. ತಕ್ಷಣ ಸದ್ದು ಬಂತು. “ಟಿವಿ ಸೆಟ್ಟಿಂಗ್ ತಪ್ಪಿತ್ತು ಸರ್, ಈಗ ಓಕೆ. ಇಲ್ಲೊಂದು ಸೈನ್ ಹಾಕಿ.” ಹಾಕಿದ್ದು ಹೌದು. ಸೈನ್ ಹಾಕಿ, ಚಹಾ ಕೊಟ್ಟು ಕಳಿಸಿದ್ದು ಹೌದು.

ಟೋಪಿ ಬಿದ್ದದ್ದು ಆ ಒಂದು ಗುಂಡಿಯಲ್ಲಿ. ಪಾಸ್ ಥ್ರೂ ಅಂದರೆ ಟಿವಿ ತಾನು ಬಿಚ್ಚದೆ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ, ಸದ್ದನ್ನು ಒತ್ತಿ ಕಟ್ಟಿದ ಕಟ್ಟನ್ನು ಹಾಗೆಯೇ ಡಬ್ಬಕ್ಕೆ ದಾಟಿಸುತ್ತದೆ. ಎಆರ್‌ಸಿಯಲ್ಲಿ ಅಟ್ಮೋಸ್ ಬರುವುದೂ ಅದೇ ಕಟ್ಟಿನ ಒಳಗೆ. ಡಬ್ಬದಲ್ಲಿ ಡಿಕೋಡರ್ ಇದ್ದಿದ್ದರೆ ಬಿಚ್ಚಿ ನುಡಿಸುತ್ತಿತ್ತು. ಪಿಸಿಎಂನಲ್ಲಿ ಸರಿಯಾಗಿ ಮಾತಾಡುವ ಡಬ್ಬ ಪಾಸ್ ಥ್ರೂನಲ್ಲಿ ಮೂಕವಾದರೆ ಒಳಗೆ ಆ ಡಿಕೋಡರ್ ಇಲ್ಲ ಅಂತಲೇ ಲೆಕ್ಕ. ಎಆರ್‌ಸಿಯಲ್ಲಿ ಪಿಸಿಎಂ ಹೋಗುವುದು ಎರಡೇ ಚಾನೆಲ್. ಟಿವಿಯೇ ಎಲ್ಲವನ್ನೂ ಎರಡಕ್ಕೆ ಮಡಚಿ ಕಳಿಸುತ್ತದೆ, ಈ ಡಬ್ಬ ಆ ಎರಡನ್ನು ಐದು ಕಡೆ ನಕಲು ಮಾಡುತ್ತದೆ. ಮುಂದಿನ ಎಡದ್ದೇ ಹಿಂದಿನ ಎಡಕ್ಕೆ, ಬಲದ್ದೇ ಬಲಕ್ಕೆ, ಎರಡನ್ನೂ ಕೂಡಿಸಿ ಸೆಂಟರಿಗೆ.

ಆ ರಾತ್ರಿ ಸಿನಿಮಾ ನೋಡುವಾಗಲೇ ಸಂಶಯ ಬಂತು. ಹಿಂದಿನ ಸ್ಪೀಕರಿಗೆ ಕಿವಿ ಇಟ್ಟರೆ ಇಬ್ಬರು ಕೂತು ಮಾತಾಡುವ ದೃಶ್ಯದ ಮಾತು ಪೂರ್ತಿ ಅಲ್ಲಿಂದಲೂ ಬರುತ್ತಿತ್ತು. ನಿಜವಾದ 5.1ರಲ್ಲಿ ಮಾತು ಹೆಚ್ಚುಕಡಿಮೆ ಎಲ್ಲ ಸೆಂಟರಿನಲ್ಲಿ, ಅಂಥ ದೃಶ್ಯದಲ್ಲಿ ಹಿಂದಿನವು ಬಹುಮಟ್ಟಿಗೆ ಸುಮ್ಮನೆ ಇರಬೇಕು. ಯಕ್ಷಗಾನದ ವಿಡಿಯೋ ಹಾಕಿದರೆ ಭಾಗವತರು ಬೆನ್ನ ಹಿಂದೆಯೂ ಕೂತಿದ್ದಾರೆ, ಎದುರೂ ಕೂತಿದ್ದಾರೆ.

ಇನ್ನು ಅಂಗಡಿಯವರ ಉತ್ತರಗಳು. ಮೊದಲ ಫೋನಿಗೆ: “ಸ್ಪೀಕರ್ ಹೊಸತಲ್ವಾ ಸರ್, ಹದಿನೈದು ದಿನ ಓಡ್ಲಿ, ಆಮೇಲೆ ಅಟ್ಮೋಸ್ ಓಪನ್ ಆಗ್ತದೆ.” ಅಟ್ಮೋಸ್ ಏನು ದಾಸವಾಳದ ಮೊಗ್ಗಾ ಮಾರಾಯ್ರೇ, ಹದಿನೈದು ದಿನ ಕಳೆದು ಅರಳಲಿಕ್ಕೆ? ಎರಡನೇ ಸಲ: “ನಿಮ್ಮ ಟಿವಿಯಲ್ಲಿ ಅಟ್ಮೋಸ್ ಉಂಟಲ್ಲ, ಅದು ಅಲ್ಲಿಂದಲೇ ಬರ್ತದೆ.” ಮೂರನೇ ಸಲ ಬೇರೊಬ್ಬರು ಎತ್ತಿ ಮಲಯಾಳದಲ್ಲಿ “ಎಲ್ಲಾಂ ಶರಿಯಾವುಂ ಸಾರೇ” ಅಂತ ಇಟ್ಟರು. ಏನೂ ಶರಿಯಾಗಲಿಲ್ಲ. ನಾಲ್ಕನೇ ಸಲ ಖುದ್ದು ಹೋದಾಗ: “ಬಿಲ್ಲಲ್ಲಿ ಅಟ್ಮೋಸ್ ಅಂತ ಎಲ್ಲಿ ಉಂಟು, ತೋರಿಸಿ ನೋಡುವ.” ಬಿಲ್ಲಿನಲ್ಲಿ ಇದ್ದದ್ದು ‘ಹೋಂ ಥಿಯೇಟರ್ 5.1, ನಗ 1’. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ‘ಅಟ್ಮೋಸ್ ಟಿವಿಗಳಿಗೆ ಹೊಂದುತ್ತದೆ’. ಹೊಂದದೆ ಏನು, ಕೇಬಲ್ ಸಿಕ್ಕಿಸಬಹುದಲ್ಲ! ಅಟ್ಮೋಸ್ ಇದ್ದದ್ದು ಬೋರ್ಡಿನಲ್ಲಿ ಮತ್ತು ಅವರ ಬಾಯಲ್ಲಿ ಮಾತ್ರ.

ಕೊನೆಗೆ ಬಂದದ್ದು ಇನ್ನೂ ಚಂದ: “9,000 ಸೇರಿಸಿ ಕೊಡಿ, 3.1.2 ಸೌಂಡ್‌ಬಾರ್ ಕೊಡ್ತೇವೆ, ಸದ್ದು ಮೇಲಿಂದ ಬೀಳ್ತದೆ.” ಕೊನೆಯ ಆ 2 ಅಂದರೆ ಮೇಲ್ಮುಖ ಸ್ಪೀಕರುಗಳು. ಸದ್ದನ್ನು ಮಾಡಿಗೆ ಬಡಿದು ಕೆಳಗೆ ತರುವ ಲೆಕ್ಕಾಚಾರ ಅದು. ಅದಕ್ಕೆ ಡಾಲ್ಬಿ ಹೇಳುವುದು ಸಮತಟ್ಟಾದ, ಗಟ್ಟಿಯಾದ ಸೀಲಿಂಗ್, ಎತ್ತರ ಸುಮಾರು ಏಳೂವರೆಯಿಂದ ಹನ್ನೆರಡು ಅಡಿ. ನಮ್ಮದು ಹಂಚಿನ ಮನೆ. ಇಳಿಜಾರಾದ ಮಾಡಿಗೆ ಬಡಿದ ಸದ್ದು ಕೂತವರ ಹತ್ತಿರ ಬರುವುದಿಲ್ಲ, ಪಕ್ಕಾಸು ರೀಪಿನ ಎಡೆಯಲ್ಲಿ ಚದುರಿ ಎಲ್ಲಿಗೋ ಹೋಗುತ್ತದೆ. ಹಂಚಿನ ಮನೆ ಅಂತ ಹೇಳಿದ ಮೇಲೂ “ಏನೂ ತೊಂದರೆ ಇಲ್ಲ ಸರ್” ಅಂದರು. ಹಂಚಿನ ಕೆಳಗೆ ಮಟ್ಟಸವಾದ ಮರದ ಮುಚ್ಚಿಗೆ ಇದ್ದರೆ ಬೇಕಾದರೆ ಪ್ರಯತ್ನಿಸಬಹುದು, ಇಲ್ಲದಿದ್ದರೆ ಆ ಜಾತಿಯ ಬಾರ್ ಕಡೆ ತಿರುಗಿಯೂ ನೋಡಬೇಡಿ.

ಹೊಟ್ಟೆ ಉರಿಯುವುದು ಯಾಕೆಂದರೆ ಇದು ಯಾವುದೂ ಬೇಕಾಗಿರಲಿಲ್ಲ. ಅಟ್ಮೋಸ್ 2012ರಲ್ಲಿ ಸಿನಿಮಾ ಮಂದಿರಕ್ಕೆ ಬಂದದ್ದು, ಅಲ್ಲಿ 128 ಟ್ರ್ಯಾಕ್‌ವರೆಗೆ ಹೋಗುತ್ತದೆ. ಒಟಿಟಿಯಿಂದ ಮನೆಗೆ ಬರುವುದು ಅದೇ ಡಾಲ್ಬಿ ಡಿಜಿಟಲ್ ಪ್ಲಸ್, ಹೆಚ್ಚೆಂದರೆ 768 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್ ಮಾಹಿತಿ). ಅದರ ಒಳಗೆ ತಿರುಳಾಗಿ ಒಂದು ಪೂರ್ತಿ 5.1 ಮಿಕ್ಸ್, ಜೊತೆಗೆ ಯಾವ ಸದ್ದು ಎಲ್ಲಿ ಇರಬೇಕು ಅನ್ನುವ ಮಾಹಿತಿ. ಅಟ್ಮೋಸ್ ಗೊತ್ತಿಲ್ಲದ ಡಿಕೋಡರ್ ಆ ಮಾಹಿತಿಯನ್ನು ಬಿಟ್ಟು 5.1 ನುಡಿಸುತ್ತದೆ. ತಲೆ ಮೇಲಿನ ಮಳೆ ಮಾಯವಾಗುವುದಿಲ್ಲ, ಸುತ್ತಲಿನ ಐದರಲ್ಲಿ ಹಂಚಿಹೋಗಿರುತ್ತದೆ. ಎರಡೇ ಸ್ಪೀಕರ್ ಇದ್ದರೆ ಸೆಂಟರ್ ಮತ್ತು ಸರೌಂಡನ್ನು (ಹಿಂದಿನ ಸ್ಪೀಕರುಗಳ ಸದ್ದು) ಸಾಮಾನ್ಯವಾಗಿ 3 ಡೆಸಿಬೆಲ್ ಇಳಿಸಿ, ಅಂದರೆ ಸುಮಾರು 0.7 ಪಾಲು, ಎಡಬಲಕ್ಕೆ ಸೇರಿಸುತ್ತಾರೆ. ಆ ‘.1’ ಅನ್ನುವ ಬಾಸ್ ಚಾನೆಲನ್ನು ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ. ಸ್ಫೋಟದ ಗುದ್ದು ಕಡಿಮೆ ಅನ್ನಿಸಿದರೆ ಕಾರಣ ಅದು, ಸಬ್ (ಬಾಸ್ ನುಡಿಸುವ ಸಬ್‌ವೂಫರ್) ಕೆಟ್ಟದ್ದಲ್ಲ. ಉಳಿದ ಚಾನೆಲುಗಳ ಬಾಸ್ 2.1 ಸೆಟ್ಟಿನ (ಎರಡು ಸ್ಪೀಕರ್, ಒಂದು ಸಬ್) ಸಬ್ಬಿಗೆ ಹೋಗಿಯೇ ಹೋಗುತ್ತದೆ.

ಅಂದರೆ ಅಟ್ಟದಲ್ಲಿದ್ದ ಹಳೆಯ ಸ್ಟೀರಿಯೋ ಆಂಪು, ಎರಡು ಬುಕ್‌ಶೆಲ್ಫ್ ಸ್ಪೀಕರ್ ಮಾಡುತ್ತಿದ್ದ ಕೆಲಸವನ್ನೇ ಈ ಡಬ್ಬ ಐದು ಕಡೆಯಿಂದ ಗೊಜ್ಜು ಮಾಡಿ ಕೊಟ್ಟದ್ದು. ಈಗ ಓಡುತ್ತಿರುವುದು ಆ ಎರಡೇ. ಟಿವಿಯ ಇಕ್ಕೆಲದಲ್ಲಿ, ಕೂತಲ್ಲಿಂದ ನೇರಕ್ಕೆ 30 ಡಿಗ್ರಿ ಆಚೆ ಈಚೆ, ಕಿವಿಯ ಮಟ್ಟದಲ್ಲಿ. ಮಾತು ಸರಿಯಾಗಿ ನಡುವಿನಿಂದ ಬರುತ್ತದೆ.

ಎರಡು ಸ್ಪೀಕರಿನಲ್ಲಿ ‘ಹಾಡು ಜೋರು, ಮಾತೇ ಕೇಳುವುದಿಲ್ಲ’ ಅಂತಾದರೆ ಪ್ಲೇಯರ್ ನಿಮ್ಮಲ್ಲಿ 5.1 ಉಂಟು ಅಂದುಕೊಂಡು ಮಾತನ್ನು ಇಲ್ಲದ ಸೆಂಟರಿಗೆ ಕಳಿಸುತ್ತಿರಬಹುದು. ವಿಂಡೋಸಿನಲ್ಲಿ ಸ್ಪೀಕರ್ ಕಾನ್ಫಿಗರ್ ಅಂತ ಇರುವಲ್ಲಿ ಸ್ಟೀರಿಯೋ ಮಾಡಿ. ಕೋಡಿ (ವಿಡಿಯೋ ಪ್ಲೇಯರ್ ಆ್ಯಪ್) ಇದ್ದರೆ ಚಾನೆಲ್ ಸಂಖ್ಯೆ 2.0 ಮಾಡಿ, ಡೌನ್‌ಮಿಕ್ಸಿನಲ್ಲಿ (ಹೆಚ್ಚು ಚಾನೆಲನ್ನು ಎರಡಕ್ಕೆ ಮಡಚುವುದು) ಮೂಲ ವಾಲ್ಯೂಮ್ ಉಳಿಸುವ ಆಯ್ಕೆಯನ್ನೂ ಆನ್ ಮಾಡಿ. ಎಲ್ಲ ಸರಿಯಿದ್ದೂ ಮಾತು ಮೆಲ್ಲಗೆ ಅನ್ನಿಸಿದರೆ ನೈಟ್ ಮೋಡ್ (ಜೋರು ಸದ್ದನ್ನೂ ಮೆಲ್ಲಗಿನದ್ದನ್ನೂ ಹತ್ತಿರ ತರುವ ಆಯ್ಕೆ) ಹಾಕಿ. ಆಪ್ಟಿಕಲ್ ಕೇಬಲಿನಲ್ಲಿ ಅಟ್ಮೋಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಗಿ: ಅದರಲ್ಲಿ ದಾಟುವುದು ಎರಡು ಚಾನೆಲ್ ಪಿಸಿಎಂ, ಇಲ್ಲವೇ ಹಳೆಯ ಡಾಲ್ಬಿ ಡಿಜಿಟಲ್, ಡಿಟಿಎಸ್ 5.1. ಆಪಲ್ ಮ್ಯೂಸಿಕ್‌ನ ಅಟ್ಮೋಸ್ ಹಾಡು ಮೆಲ್ಲಗೆ ಕೇಳಿದರೂ ಗಾಬರಿ ಬೇಡ, ಆ ಮಿಕ್ಸುಗಳನ್ನು ಸರಾಸರಿ ಜೋರು (ಲೌಡ್‌ನೆಸ್) ಮೈನಸ್ 18 ಎಲ್‌ಕೆಎಫ್‌ಎಸ್ ಅನ್ನುವ ಮಟ್ಟ ಮೀರದಂತೆ ತಯಾರಿಸುತ್ತಾರೆ. ಎರಡೇ ಸ್ಪೀಕರ್ ಇದ್ದರೆ ಅದರ ಸ್ಟೀರಿಯೋ ಮಿಕ್ಸನ್ನೇ ಹಾಕಿ, ಒಳ್ಳೆಯದು.

ದಂಡವಾದ ಸೆಟ್ಟಿನ ಹಿಂದಿನ ಎರಡು ಸ್ಪೀಕರ್ ಮಾತ್ರ ಕೆಲಸಕ್ಕೆ ಬಂದವು. ಅವೆರಡನ್ನೂ ಸೀರೀಸಿನಲ್ಲಿ ಜೋಡಿಸಿ, ಒಂದು ತುದಿ ಆಂಪಿನ ಎಡದ ಪ್ಲಸ್ಸಿಗೆ, ಇನ್ನೊಂದು ತುದಿ ಬಲದ ಪ್ಲಸ್ಸಿಗೆ. ಮೈನಸ್ಸಿಗೆ ಏನೂ ಇಲ್ಲ. ಅಮೆರಿಕದ ಆಡಿಯೋ ಎಂಜಿನಿಯರ್ ಡೇವಿಡ್ ಹಾಫ್ಲರ್ ಹೆಸರಿನ ಹಳೇ ಉಪಾಯ ಇದು. ಎರಡೂ ಕಡೆ ಸಮನಾಗಿರುವ ಮಾತು ಪರಸ್ಪರ ಕಳೆದುಹೋಗಿ, ಎಡಬಲದ ವ್ಯತ್ಯಾಸ ಮಾತ್ರ ಹಿಂದಿನಿಂದ ಕೇಳುತ್ತದೆ, ಸರೌಂಡಿನ ಸದ್ದು ಹೆಚ್ಚಾಗಿ ಅದರಲ್ಲೇ ಇರುವುದು. ಆದರೆ ಎರಡೂ ಚಾನೆಲಿನ ಮೈನಸ್ ಒಂದೇ ಗ್ರೌಂಡ್ ಆಗಿರುವ ಆಂಪಿಗೆ ಮಾತ್ರ ಮಾಡಿ. ಮೈನಸಿನಲ್ಲೂ ಸಿಗ್ನಲ್ ಇರುವ ಬ್ರಿಡ್ಜ್ ಆಂಪಿಗೆ ಬೇಡ. 14,500ಕ್ಕೆ ಸಿಕ್ಕಿದ ಲಾಭ ಇಷ್ಟು, ಎರಡು ಸಣ್ಣ ಸ್ಪೀಕರ್.

ಅಂಗಡಿಗೆ ಹೋದರೆ ಪೆನ್‌ಡ್ರೈವ್ ಡೆಮೋ ಬೇಡ ಅನ್ನಿ. ಟಿವಿಯಲ್ಲಿ ಒಟಿಟಿ ಹಾಕಿಸಿ, ಔಟ್‌ಪುಟ್ ಪಾಸ್ ಥ್ರೂಗೋ ಬಿಟ್‌ಸ್ಟ್ರೀಮ್‌ಗೋ (ಟಿವಿಯಲ್ಲಿ ಯಾವ ಹೆಸರು ಉಂಟೋ ಅದಕ್ಕೆ) ಇಡಿಸಿ, ಹಿಂದಿನ ಸ್ಪೀಕರಿಗೆ ಕಿವಿ ಇಡಿ. ಯಾರು ನಕ್ಕರೂ ನಗಲಿ. ಮತ್ತೆ ಬಿಲ್ಲಿನಲ್ಲಿ ‘ಅಟ್ಮೋಸ್ ಡಿಕೋಡರ್ ಉಂಟು’ ಅಂತ ಅವರ ಕೈಯಲ್ಲೇ ಬರೆಸಿ. ಬರೆಯಲಿಕ್ಕೆ ಹಿಂದೆಮುಂದೆ ನೋಡಿದರೆ ದುಡ್ಡು ಜೇಬಿನಲ್ಲೇ ಇರಲಿ, ಮುಂದಿನ ಬಸ್ಸು ಹಿಡಿಯಿರಿ.